ಬಂದವರ ಮಾತಿನಲ್ಲಿ ಬೇಡಿದ ಕನ್ನಡ

ಸೋನಗಟ್ಟಿ,
ಹದಿಮೂರನೆಯ ತಿಂಗಳ ಇಪ್ಪತ್ತೇಳನೆಯ ದಿನ, 2169

ಸಭಿಕರೇ! ಜಮಖಾನೆಯ ಮೇಲೆ ಮಕ್ಕಳನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿರುವ ತಾಯಂದಿರೇ! ಒಳಗೆ ಬರಲೋ ಬೇಡವೋ ಎಂದು ಚಪ್ಪಲಿಯನ್ನು ಅರ್ಧ ಬಿಟ್ಟು ಹೊಸ್ತಿಲಲ್ಲೇ ನಿಂತಿರುವ ಗಂಡಸರೇ! ಕಿಟಕಿಯ ಸರಳಿಗೆ ಮೂಗು ಒತ್ತಿ ಇಣುಕುತ್ತಿರುವ, ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಸಮಸ್ತ ಪ್ರಜೆಗಳೇ! ಮತ್ತು ಇವರೆಲ್ಲರ ನಡುವೆ ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಖಿಚಡಿಯ ಸೌಟು ಹಿಡಿದು ನಿಂತಿರುವ ಮಹಾದೇವಿ ಅಕ್ಕೋರೇ! ಸದ್ದು, ಸದ್ದು! ಎಳೆಯ ಕೂಸುಗಳ ಬಾಯಿಗೆ ಏನಾದರೂ ಕೊಡಿ. ನೂರ ನಲವತ್ತಮೂರು ವರ್ಷಗಳ ಆಚೆಯಿಂದ ಒಬ್ಬ ಮುದುಕ ನಿಮ್ಮ ಮುಂದೆ ನಿಂತು ಮಾತಾಡುತ್ತಿದ್ದಾನೆ. ಧ್ವನಿವರ್ಧಕ ಬೇಡ. ಈ ಗಂಟಲಿಗೆ ಅದರ ಅಗತ್ಯ ಎಂದೂ ಬಿದ್ದಿಲ್ಲ.

ಮೇಲೆ ಬರೆದ ದಿನಾಂಕ ಕಂಡು, ಬರೆದವನಿಗೆ ತಲೆ ಕೆಟ್ಟಿದೆ ಎನ್ನಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ, ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದ ಒಂದು ದಿನ. ಹದಿಮೂರನೆಯದಕ್ಕೆ ಉಳಿಕೆ ಎಂದು ಹೆಸರು. ಹನ್ನೆರಡು ತಿಂಗಳಲ್ಲಿ ಮಾಡದೆ ಉಳಿಸಿಕೊಂಡದ್ದನ್ನು ಮಾಡಿ ಮುಗಿಸಲೆಂದು ಇಟ್ಟ ತಿಂಗಳು ಅದು. ಮಾತು ಬಿಟ್ಟ ಅಣ್ಣತಮ್ಮಂದಿರು ಆ ತಿಂಗಳಲ್ಲಿ ಹೋಗಿ ಮಾತಾಡಿಸುತ್ತಾರೆ, ಸೋರುವ ಮಾಳಿಗೆಗೆ ಮಣ್ಣು ಬೀಳುತ್ತದೆ. ನನ್ನಲ್ಲಿ ಉಳಿದದ್ದು ಈ ಓಲೆ. ಇದನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಎಪ್ಪತ್ತು ದಾಟಿದವರಿಗೆ ಜೀವಮಾನಕ್ಕೆ ಒಂದೇ ಓಲೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರ ಬಂದ ಉದಾಹರಣೆ ಇಲ್ಲ. ಸಾಮಾನ್ಯವಾಗಿ ಜನ ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಗೆಳೆಯನೊಬ್ಬ ತಾನು ಮದುವೆಯಾಗದೆ ಬಿಟ್ಟ ಹುಡುಗಿಗೆ ಬರೆದು ಹೆಂಡತಿಯ ಕೈಗೆ ಸಿಕ್ಕಿಬಿದ್ದ. ನಾನು ಬರೆಯುತ್ತಿರುವುದು ಒಂದು ಶಾಲೆಯ ಪಾಲಕರ ಸಭೆಗೆ. ಅಂಚೆಯ ಗುಮಾಸ್ತೆ ನನ್ನ ಮುಖವನ್ನು ಎರಡು ಸಲ ನೋಡಿದಳು.

ಇನ್ನು ನನ್ನ ಕನ್ನಡ. ಅದು ನಿಮ್ಮ ಕಿವಿಗೆ ವಿಚಿತ್ರವಾಗಿ ಬಡಿದರೆ, ಮಹಾಜನಗಳೇ, ಕ್ಷಮಿಸಿ. ನಾನು ಇದನ್ನು ತಾಯಿಯಿಂದ ಕಲಿತವನಲ್ಲ. ನನ್ನ ಹೆಸರು ಗುರುಬಸು. ನಿಮ್ಮ ನಡುವೆ ಮೂರನೆಯ ಸಾಲಿನಲ್ಲಿ, ಆರು ವರ್ಷದ ಸಮೃದ್ಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿರುವ ಕಸ್ತೂರಿ ಎಂಬ ಹೆಣ್ಣುಮಗಳಿದ್ದಾಳಲ್ಲ, ಅವಳ ಮೊಮ್ಮಗನ ಮಗ ನಾನು. ಹೌದು, ಆ ಜುಟ್ಟಿನ ಸಮೃದ್ಧಿಯೇ ನನ್ನ ಅಜ್ಜಿ. ನಿಮ್ಮ ಕಾಲದ ಸಮೃದ್ಧಿ, ಆರಾಧ್ಯ, ಶ್ರೀನಿಕಾಗಳೆಲ್ಲ ನಮ್ಮ ಕಾಲಕ್ಕೆ ಬೊಚ್ಚುಬಾಯಿಯ ಅಜ್ಜಿಯರಾಗಿ ಎಲೆ ಅಡಿಕೆ ಕುಟ್ಟಿಕೊಂಡು ಕುಳಿತಿದ್ದರು ಎಂದರೆ ನಗುತ್ತೀರಿ. ನಗಿ. ನನ್ನ ಅಪ್ಪ ನಾಟಕ ಮಂಡಳಿಯಲ್ಲಿ ರಾಜಪಾರ್ಟು ಮಾಡುವವನು. ಊರಿನ ಬಾಯಿಂದ ಕನ್ನಡ ಹೋದ ಮೇಲೂ ವರ್ಷಕ್ಕೊಂದು ಕನ್ನಡ ನಾಟಕ ಆಡಿಸುವ ರೂಢಿ ಉಳಿದಿತ್ತು, ಅರ್ಥ ತಿಳಿಯದಿದ್ದರೂ ಮಂತ್ರ ಹೇಳಿಸುವ ಹಾಗೆ. ಮಾತುಗಳನ್ನು ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆವು. ನಾಲ್ಕನೆಯ ವಯಸ್ಸಿಗೆ ನಾನು ರಂಗದ ಮೇಲೆ ಕಳೆದುಹೋದ ರಾಜಕುಮಾರ, ಐವತ್ತನೆಯ ವಯಸ್ಸಿಗೆ ಕಳೆದುಕೊಂಡ ರಾಜ. ಸವಾಲು ಹಾಕಲು, ಶಪಿಸಲು, ಸಾಯುವ ಮುನ್ನ ಇಪ್ಪತ್ತು ನಿಮಿಷ ಮಾತಾಡಲು ನನಗೆ ಕನ್ನಡ ಬರುತ್ತದೆ. ಉಪ್ಪು ಕಡಿಮೆಯಾಗಿದೆ ಎನ್ನಲು ಬರುವುದಿಲ್ಲ.

ನಿಮ್ಮ ನಾಳೆಯನ್ನು ನಾನು ನಿಮಗೆ ಹೇಳಬೇಕು. ಅಜ್ಜಿಯ ಬಾಯಿಂದ ಕೇಳಿದ್ದು, ಶಾಲೆಯ ಹಳೆಯ ಠರಾವು ಪುಸ್ತಕದಲ್ಲಿ ಓದಿದ್ದು, ಎರಡೂ ಸೇರಿಸಿ ಹೇಳುತ್ತೇನೆ. ನಿಮ್ಮ ಮಾತುಗಳನ್ನು ಅಕ್ಕೋರು ಆ ಪುಸ್ತಕದಲ್ಲಿ ಆಡಿದ ಹಾಗೆಯೇ ಬರೆದಿಟ್ಟಿದ್ದಾರೆ.

ಇವತ್ತು ನೀವು ಕೂಡಿರುವುದು ನಾಳೆಯ ತಯಾರಿಗೆ. ಸೋನಗಟ್ಟಿಯ ಹದಿನಾಲ್ಕು, ಬಾಳೆಕುಂಟಿಯ ಒಂಬತ್ತು, ಹುಲಿಮಡ್ಡಿಯ ಹನ್ನೊಂದು, ಹೀಗೆ ಮೂರು ಕನ್ನಡ ಶಾಲೆಗಳ ಮೂವತ್ತನಾಲ್ಕು ಮಕ್ಕಳನ್ನು ಒಟ್ಟುಗೂಡಿಸಿ ಹೆದ್ದಾರಿ ಪಕ್ಕದ ದೊಡ್ಡ ಮರಾಠಿ ಶಾಲೆಗೆ ಸೇರಿಸುವ ಮಾತು ನಡೆದಿದೆ. ಅಲ್ಲಿ ಕನ್ನಡ ಕಲಿಸುವ ವ್ಯವಸ್ಥೆ ಇರಬೇಕೋ ಬೇಡವೋ ಎಂದು ಕೇಳಿಕೊಂಡು ಹೋಗಲು ನಾಳೆ ಮೇಲಿನ ಕಚೇರಿಯಿಂದ ಇಬ್ಬರು ಬರುತ್ತಾರೆ. ಆದರೆ ಇವತ್ತಿನ ಸಭೆಯಲ್ಲಿ ಮುಕ್ಕಾಲು ಪಾಲು ಹೊತ್ತು ಏನು ಚರ್ಚೆಯಾಯಿತು ಎಂಬುದು ಅಜ್ಜಿಗೆ ಚೆನ್ನಾಗಿ ನೆನಪಿತ್ತು. ಬಂದವರಿಗೆ ತಿನ್ನಲು ಏನು ಕೊಡಬೇಕು!

"ಉಪ್ಪಿಟ್ಟ ಮಾಡ್ರಿ."

"ಉಪ್ಪಿಟ್ಟ ತಿಂದ ತಿಂದ ಅವರ ನಾಲಿಗಿ ಸತ್ತಿರತೈತಿ. ಚುರುಮುರಿ ಒಗ್ಗರಣಿ ಹಾಕೂಣು."

"ಶಾಲಿ ಮುಚ್ಚಾಕ ಬರಾವ್ರಿಗಿ ಚುರುಮುರಿ ಯಾಕ, ಬರೇ ನೀರ ಕೊಟ್ಟ ಕಳಸ್ರಿ!"

"ಏ, ಹಂಗ ಅನಬಾರದೋ. ವೈರಿ ಆದ್ರೂ ಹೊಸ್ತಿಲ ದಾಟಿದ್ರ ಬೀಗ."

ಈ ಕೊನೆಯ ಮಾತು ನಿಮ್ಮ ಹಿರಿಯ ಬಾಳಪ್ಪಣ್ಣನದು. ಎಂಥ ಮಾತು! ರಂಗದ ಮೇಲೆ ಆಡಿದರೆ ಚಪ್ಪಾಳೆ ಬೀಳುವ ಮಾತು. ಮರಾಠಿ ನಾಡಿನ ಗಡಿಯ ನಮ್ಮ ಈ ಮೂರೂರಿನ ರೀತಿಯೇ ಅದು. ಮನೆಗೆ ಬಂದವರಿಗೆ ನೀರಿನ ತಂಬಿಗೆ ಕೊಡುವಾಗಲೇ ಅವರ ಭಾಷೆಯನ್ನೂ ಕೊಡಬೇಕು. ಮರಾಠಿಯವರು ಬಂದರೆ ಮರಾಠಿ, ಉರ್ದುವಿನವರು ಬಂದರೆ ಉರ್ದು, ತೆಲುಗಿನ ಎಮ್ಮೆ ವ್ಯಾಪಾರಿ ಬಂದರೆ ಬಂದಷ್ಟು ತೆಲುಗು. ಎದುರಿಗೆ ಕೂತವರಿಗೆ ತಿಳಿಯದ ಮಾತಾಡುವುದು ಬೆನ್ನು ತಿರುವಿ ಕೂತ ಹಾಗೆ. ಈ ಗುಣಕ್ಕಾಗಿ ನಾನು ನಿಮ್ಮ ಪಾದ ಮುಟ್ಟುತ್ತೇನೆ. ಈ ಗುಣವೇ ನಾಳೆ ನಿಮ್ಮನ್ನು ಕೆಡಿಸುತ್ತದೆ.

ಬರುವ ಇಬ್ಬರೂ ಒಳ್ಳೆಯವರು. ಅದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನನ್ನ ನಾಟಕಗಳಲ್ಲೆಲ್ಲ ಒಬ್ಬ ಖಳನಿದ್ದಾನೆ. ಈ ಕಥೆಯಲ್ಲಿ ಅವನು ಸಿಗಲಿಲ್ಲ. ಹಿರಿಯ ಅಧಿಕಾರಿ ಜಮಖಾನೆಯ ಮೇಲೆಯೇ ಕೂರುತ್ತಾರೆ, ಚುರುಮುರಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಮರಾಠಿಯಲ್ಲಿ ಕೇಳುತ್ತಾರೆ: ಹೊಸ ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಏನು ಬೇಕು? ಬಾಳಪ್ಪಣ್ಣ ಎದ್ದು ನಿಂತು, ಅಪ್ಪಟ ಮರಾಠಿಯಲ್ಲಿ, ಗಾದೆ ಸೇರಿಸಿ, ನಗಿಸಿ, ನಮಗೆ ಕನ್ನಡ ಬೇಕು ಸಾಹೇಬರೇ ಎನ್ನುತ್ತಾನೆ. ಅವನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮರಾಠಿಯಲ್ಲೇ ಹೌದು ಹೌದು ಎನ್ನುತ್ತಾರೆ. ಮಕ್ಕಳನ್ನು ಮಾತಾಡಿಸಿದರೆ ಮಕ್ಕಳೂ ಮರಾಠಿಯಲ್ಲೇ ಹೆಸರು, ಇಯತ್ತೆ, ಅಪ್ಪನ ಹೆಸರು ಹೇಳಿ ಕೈ ಮುಗಿಯುತ್ತವೆ. ಅಧಿಕಾರಿಯ ಕಣ್ಣಿನಲ್ಲಿ ಮೆಚ್ಚುಗೆ ತುಂಬಿಬರುತ್ತದೆ. ಠರಾವು ಪುಸ್ತಕದಲ್ಲಿ ಅವರು ಬರೆದ ಸಾಲು ನನಗೆ ಬಾಯಿಪಾಠ: ಇಲ್ಲಿನ ಹಿರಿಯರು, ಕಿರಿಯರು ಎಲ್ಲರ ಮರಾಠಿ ಅತ್ಯುತ್ತಮವಾಗಿದೆ, ಹೊಸ ಶಾಲೆಯಲ್ಲಿ ಮಕ್ಕಳಿಗೆ ಯಾವ ತೊಡಕೂ ಆಗದು, ಪ್ರತ್ಯೇಕ ಕನ್ನಡ ವ್ಯವಸ್ಥೆಯ ಅಗತ್ಯ ಕಾಣುವುದಿಲ್ಲ. ಇಡೀ ಪುಟದಲ್ಲಿ ಒಂದು ಕೆಟ್ಟ ಶಬ್ದವಿಲ್ಲ. ಕೆಳಗೆ ನೀವೆಲ್ಲ ಸಹಿ ಹಾಕಿದ್ದೀರಿ. ಬಾಳಪ್ಪಣ್ಣನ ಸಹಿಯೂ ಮರಾಠಿಯಲ್ಲೇ ಇದೆ, ಓದುವವರಿಗೆ ಕಷ್ಟವಾಗಬಾರದೆಂದು.

ಬಂದವರ ಜೀಪು ಹೋದ ಮೇಲೆ ಕಸ್ತೂರಿ ಬಾಳಪ್ಪಣ್ಣನನ್ನು ಕೇಳಿದಳಂತೆ, "ಅಲ್ಲಣ್ಣಾ, ಕನ್ನಡ ಬೇಕು ಅಂತ ಮರಾಠಿಯೊಳಗ ಅಷ್ಟು ಚಂದಾಗಿ ಹೇಳಿದ್ರ, ಬೇಕು ಅಂತ ಅವರಿಗಿ ಹ್ಯಾಂಗ ಅನಸತೈತಿ?"

"ಏ ತಂಗೀ, ಬಂದಾವ್ರಿಗಿ ಬೆನ್ನ ತಿರುವಾಕ ಬರತೈತೇನು?"

"ಬೆನ್ನ ತಿರುವೂದ ಬ್ಯಾಡಾಗಿತ್ತು. ಒಂದ ಸಲ ನಮ್ಮ ಮಾರಿ ತೋರಸಬೇಕಾಗಿತ್ತು."

ಅವಳು ಅದನ್ನು ಜೀಪು ಇರುವಾಗಲೇ ಅನ್ನಲಿಲ್ಲ. ಯಾಕೆಂದರೆ ಅವಳೂ ಈ ಊರಿನವಳೇ. ಬಂದವರ ಎದುರು ಹಿರಿಯರ ಮಾತು ತುಂಡರಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಈಗ ನಮ್ಮ ಕಾಲದ ಶಾಲೆ ಹೇಗಿದೆ ಕೇಳಿ. ನಿಮ್ಮ ಆ ಹೆದ್ದಾರಿ ಶಾಲೆಯೂ ಸಣ್ಣದಾಯಿತೆಂದು ಇನ್ನೊಂದರಲ್ಲಿ ಕೂಡಿತು, ಅದು ಮತ್ತೊಂದರಲ್ಲಿ. ಈಗ ಇರುವುದು ಕೂಡುಶಾಲೆ: ಅರವತ್ತನಾಲ್ಕು ಊರಿಗೆ ಒಂದು, ಇಲ್ಲಿಂದ ಮೂವತ್ತೊಂದು ಕಿಲೋಮೀಟರು. ಬೆಳಿಗ್ಗೆ ಐದೂವರೆಗೆ ಸಾಲುಬಂಡಿ ಬರುತ್ತದೆ. ಸಾರಥಿ ಇಲ್ಲದ, ಇರುವೆ ಸಾಲಿನಂತೆ ಒಂದಕ್ಕೊಂದು ಅಂಟಿಕೊಂಡು ಓಡುವ ಗಾಡಿಗಳು. ಮಕ್ಕಳು ಅದರಲ್ಲಿ ಹತ್ತಿದೊಡನೆ ಮಲಗುತ್ತಾರೆ. ಅದಕ್ಕೆ ಬಂಡಿನಿದ್ದೆ ಎಂದೇ ಹೆಸರು. ಒಂದು ಮಗು ಹುಟ್ಟಿದೂರಿನ ಬೆಳಗು ಹೇಗಿರುತ್ತದೆ ಎಂದು ರಜೆಯ ದಿನ ಮಾತ್ರ ನೋಡುತ್ತದೆ. ಸುಳ್ಳು ಹೇಳಲಾರೆ, ಕೂಡುಶಾಲೆ ಕೆಟ್ಟದ್ದಲ್ಲ. ಅಲ್ಲಿ ನಾನು ಈಜು ಕಲಿತೆ, ನಕ್ಷತ್ರ ನೋಡಿದೆ, ಅರವತ್ತನಾಲ್ಕೂ ಊರಿನ ಗೆಳೆಯರನ್ನು ಪಡೆದೆ. ನಿಮ್ಮ ಒಂದು ಕೋಣೆಯಲ್ಲಿ ನಾಲ್ಕು ಇಯತ್ತೆಗಳನ್ನು ಏಕಕಾಲಕ್ಕೆ ಕಲಿಸುತ್ತ, ಮಳೆ ಬಂದರೆ ಬರೆಯುವ ಕರಿ ಫಳಿಯನ್ನು ಒಣ ಮೂಲೆಗೆ ಎಳೆಯುತ್ತಿದ್ದ ಮಹಾದೇವಿ ಅಕ್ಕೋರ ಬೆನ್ನುನೋವು ಅಲ್ಲಿ ಯಾರಿಗೂ ಇಲ್ಲ. ಶಾಲೆಗಳನ್ನು ಕೂಡಿಸಲೇಬೇಡಿ ಎಂದು ಅಬ್ಬರಿಸಲು ನಾನು ಬಂದಿಲ್ಲ.

ಆದರೂ, ಸಭಿಕರೇ, ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಅವಳ ಶಾಲೆ ಕೂಗಳತೆಯ ದೂರದಲ್ಲಿತ್ತಂತೆ. ಖಿಚಡಿಗೆ ಅರಿಷಿಣ ಕಡಿಮೆ ಬಿದ್ದರೆ ಅಕ್ಕೋರು ಒಂದು ಮಗುವನ್ನು ಹತ್ತಿರದ ಮನೆಗೆ ಓಡಿಸುತ್ತಿದ್ದರಂತೆ. ಮನೆಯಲ್ಲಿ ಕರು ಹುಟ್ಟಿದರೆ ಅವ್ವ ಅಂಗಳದಲ್ಲಿ ನಿಂತು ಕೂಗಿ ಹೇಳಿದ್ದು ಇಡೀ ತರಗತಿಗೆ ಕೇಳಿ, ಮಗ್ಗಿ ಅರ್ಧಕ್ಕೆ ನಿಂತು, ಹದಿನಾಲ್ಕೂ ಮಕ್ಕಳು ಕರು ನೋಡಲು ಓಡುತ್ತಿದ್ದವಂತೆ. ಹದಿನೇಳು ವರ್ಷ ಓದಿದ ನಾನು, ನನ್ನ ತಾಯಿಯ ಧ್ವನಿಯನ್ನು ತರಗತಿಯಲ್ಲಿ ಕೂತು ಒಂದು ದಿನವೂ ಕೇಳಿಲ್ಲ. ಹೇಗಿರುತ್ತದೆ ಅದು? ಯಾರನ್ನು ಕೇಳಲಿ?

ಭಾಷೆಯ ಚಿಂತೆ ನಿಮಗೇಕೆ, ಕಿವಿಮಣಿ ಇದೆಯಲ್ಲ ಎನ್ನುತ್ತಾರೆ ನಮ್ಮವರು. ಕಿವಿಮಣಿ ಎಂದರೆ ಜೋಳದ ಕಾಳಿನಷ್ಟು ಗಾತ್ರದ ಯಂತ್ರ. ಕಿವಿಯಲ್ಲಿ ಇಟ್ಟುಕೊಂಡರೆ ಜಗತ್ತಿನ ಯಾವ ಮಾತೂ ನಿಮ್ಮ ಮಾತಾಗಿ ಕೇಳಿಸುತ್ತದೆ. ಅದ್ಭುತ ವಸ್ತು, ಅದನ್ನು ಬೈಯಲಾರೆ. ನಮ್ಮ ನಾಟಕವನ್ನು ಜನ ನೋಡುವುದು ಅದರಿಂದಲೇ. ಆದರೆ ನಾನು ರಂಗದ ಮೇಲೆ ನಿಂತು ಒಂದು ಹಾಸ್ಯದ ಮಾತು ಬಿಟ್ಟರೆ, ಮಣಿ ಅದನ್ನು ತಿರುಗಿಸಿ ಹೇಳಬೇಕಲ್ಲ, ನಗು ಅರ್ಧ ಉಸಿರು ತಡವಾಗಿ ಬರುತ್ತದೆ. ಅರವತ್ತು ವರ್ಷ ಆ ಅರ್ಧ ಉಸಿರಿನ ಮೌನದಲ್ಲಿ ನಿಂತಿದ್ದೇನೆ. ಮಾತಿನ ಜೊತೆಗೇ ನಗು ಬರುವ ಒಂದು ಸಭೆ, ನಿಮ್ಮಂಥ ಸಭೆ, ಒಮ್ಮೆ ಸಿಕ್ಕಿದ್ದರೆ! ಇನ್ನು ಅಜ್ಜಿಯ ವಿಷಯ. ಅವಳು ನಮ್ಮೊಂದಿಗೆ ಮರಾಠಿಯಲ್ಲೇ ಮಾತಾಡುತ್ತಿದ್ದಳು. ಮನೆಯಲ್ಲಿ ಎಲ್ಲರದೂ ಅದೇ ಆಗಿತ್ತು, ಒಬ್ಬಳೇ ಬೇರೆ ಆಡಿದರೆ ಬೆನ್ನು ತಿರುವಿದ ಹಾಗೆ. ಕನ್ನಡ ಅವಳ ಬಾಯಿಗೆ ಬರುತ್ತಿದ್ದದ್ದು ಹಿತ್ತಲಲ್ಲಿ, ಕೋಳಿಗಳನ್ನು ಗೂಡಿಗೆ ಕರೆಯುವಾಗ. ನಾನು ಎಂಟು ವರ್ಷದವನು, ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಕಿವಿಮಣಿ ಒಂದು ಅಕ್ಷರವನ್ನೂ ತಿರುಗಿಸುತ್ತಿರಲಿಲ್ಲ. ಮನುಷ್ಯರಿಗೆ ಆಡದ ಮಾತನ್ನು ಅದು ಬರೀ ಸದ್ದು ಎಂದು ತಿಳಿಯುತ್ತದೆ. ಅವಳು ಕೋಳಿಗಳಿಗೆ ಅಷ್ಟು ಹೊತ್ತು ಏನು ಹೇಳುತ್ತಿದ್ದಳು? ಕೇಳುವ ಧೈರ್ಯ ಬರುವಷ್ಟರಲ್ಲಿ ಅವಳು ಹೋದಳು.

ಈ ವರ್ಷ, ನನ್ನ ಎಪ್ಪತ್ತೆರಡನೆಯ ವಯಸ್ಸಿಗೆ, ಒಂದು ಬಾಗಿಲು ತೆರೆಯಿತು. ತಾಯಿತಾಸು ಎಂಬ ಹೊಸ ಕಾಯಿದೆ ಬಂತು. ಐದು ಮಕ್ಕಳ ಪಾಲಕರು ಕೇಳಿದರೆ, ಆ ಊರಿನ ಹಿಂದಿನ ಮಾತನ್ನು ಕೂಡುಶಾಲೆಯಲ್ಲಿ ದಿನಕ್ಕೊಂದು ತಾಸು ಕಲಿಸಬಹುದು. ಆದರೆ ಕಲಿಸುವವರು ಆ ನೆಲದವರೇ ಆಗಬೇಕು. ಗಡಿಯಾಚೆ ಎಂಟು ಮೈಲಿಗೆ ಕನ್ನಡ ಈಗಲೂ ಸೊಂಪಾಗಿದೆ, ಅಲ್ಲಿಂದ ಒಬ್ಬರನ್ನು ಕರೆಸಿದರಾಯಿತಲ್ಲ ಎಂದರೆ ಒಪ್ಪುವುದಿಲ್ಲ. ಮಾತು ಈ ಊರಲ್ಲೇ ಇನ್ನೂ ಉಸಿರಾಡುತ್ತಿದೆ ಎಂಬುದಕ್ಕೆ ಊರಿನವನೇ ಸಾಕ್ಷಿ ನಿಲ್ಲಬೇಕು. ಸಾಕ್ಷಿ ಸಿಗದಿದ್ದರೆ ಮೂರೂರುಗಳ ಹೆಸರಿನ ಮುಂದೆ 'ಮಾತು ನಂದಿದ ಊರು' ಎಂದು ಬರೆದು ಕಡತ ಮುಚ್ಚುತ್ತಾರೆ. ಮತ್ತೆ ತೆರೆಯುವುದಿಲ್ಲ. ಐದು ಮಕ್ಕಳು ಸಿಕ್ಕರು. ಸಾಕ್ಷಿ ಯಾರು? ಎಲ್ಲರ ಬೆರಳೂ ನನ್ನತ್ತ ತಿರುಗಿತು. ಗುರುಬಸು ಅಲ್ಲದೆ ಇನ್ನಾರು! ನಾನು ಶಲ್ಯ ಕೊಡವಿ ಎದ್ದೆ.

ಪರೀಕ್ಷೆ ಮಾಡಲು ಬಂದವರು ಅನಘಾ ದೇವಧರ ಎಂಬ ಅಧಿಕಾರಿ. ಕನ್ನಡವನ್ನು ಕಲಿತು ಬಂದಿದ್ದರು. ನಾನು ಅರ್ಧ ಗಂಟೆ ಸಂಭಾಷಣೆ ಹೇಳಿದೆ, ಕಿಟಕಿಯ ಗಾಜು ನಡುಗಿತು. ಅವರು ಮೆಚ್ಚಿ ತಲೆದೂಗಿ, ಆ ಐದು ಮಕ್ಕಳಲ್ಲಿ ಒಬ್ಬಳಾದ ಓವಿ ಎಂಬ ಆರು ವರ್ಷದ ಹುಡುಗಿಯನ್ನು ಮುಂದೆ ನಿಲ್ಲಿಸಿದರು. "ಈಕೆ ಬಿದ್ದು ಮೊಣಕಾಲು ತರಚಿಕೊಂಡಿದ್ದಾಳೆ ಅಂದುಕೊಳ್ಳಿ. ಅಳುತ್ತಿದ್ದಾಳೆ. ಸಮಾಧಾನ ಮಾಡಿ ಅಜ್ಜಾ" ಎಂದರು. ಓವಿ ಜಾಣೆ, ಕಣ್ಣುಜ್ಜಿಕೊಂಡು ಅಳುವ ನಟನೆ ಶುರುಮಾಡಿದಳು. ನಾನು ಬಾಯಿ ತೆರೆದೆ. ಎಪ್ಪತ್ತೆರಡು ವರ್ಷದ ನೆನಪಿನಲ್ಲಿ ಕೈ ಹಾಕಿ ತಡಕಾಡಿದೆ, ಅಲ್ಲಿ ಕತ್ತಿ ಗುರಾಣಿಗಳೇ ಸಿಕ್ಕವು. ಕೊನೆಗೆ ಸಿಕ್ಕಿದ್ದನ್ನೇ ಹಿರಿದೆ.

"ಎಲೈ ಬಾಲೆಯೇ! ನಿಲ್ಲಿಸು ಈ ರೋದನವನ್ನು! ನಿನ್ನ ಕಂಬನಿಗೆ ಕಾರಣನಾದ ಆ ದುರುಳನಾರು? ಹೇಳು, ಈ ಕ್ಷಣವೇ ಅವನ ರುಂಡವನ್ನು ಚೆಂಡಾಡುವೆನು!"

ಓವಿ ನಟನೆ ಬಿಟ್ಟು ನಿಜವಾಗಿ ಅಳತೊಡಗಿದಳು. ಅವಳ ತಾಯಿ ಬಂದು ಎತ್ತಿಕೊಂಡು ಹೊರಗೆ ಹೋದಳು. ಅನಘಾ ದೇವಧರ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಅಜ್ಜಾ, ನಿಮಗೆ ಹತ್ತು ಸಾವಿರ ಶಬ್ದ ಬರುತ್ತದೆ. ಒಂದು ಮಗುವನ್ನು ಎತ್ತಿಕೊಳ್ಳಲು ಅದರಲ್ಲಿ ಒಂದೂ ಇಲ್ಲ" ಎಂದರು. ಕಡತ ಮುಚ್ಚಲಿಲ್ಲ, ಅದು ಅವರ ದೊಡ್ಡ ಗುಣ. ಹೊಸ ವರ್ಷದ ಎಂಟನೆಯ ದಿನ ಮತ್ತೆ ಬರುತ್ತೇನೆ, ಮನೆಮಾತು ಕಲಿತಿರಿ ಎಂದು ಹೇಳಿ ಹೋದರು. ಇನ್ನು ಉಳಿದಿರುವುದು ಹತ್ತು ದಿನ.

ಮನೆಮಾತು ಇರುವ ಜೀವ ಮೂರೂರಿನಲ್ಲಿ ಒಂದೇ. ಹುಲಿಮಡ್ಡಿಯ ಬಾಳವ್ವ, ವಯಸ್ಸು ತೊಂಬತ್ತಾರು. ಓಡಿದೆ ಅವಳ ಮನೆಗೆ. ಬಾಗಿಲು ಬಡಿದೆ. ಅವಳು ಬಂದು, ನನ್ನನ್ನು ಮೇಲೆ ಕೆಳಗೆ ನೋಡಿ, ಮರಾಠಿಯಲ್ಲಿ "ಯಾ, ಬಸಾ, ಪಾಣೀ ಘ್ಯಾ" ಎಂದು ಕೂರಿಸಿ, ನೀರಿನ ತಂಬಿಗೆ, ಬೆಲ್ಲದ ಚೂರು ಮುಂದಿಟ್ಟಳು. ನಾನು ಕನ್ನಡದಲ್ಲಿ ಬೇಡಿಕೊಂಡೆ. ಅವಳು ಮರಾಠಿಯಲ್ಲಿ, ಎಷ್ಟು ಚಂದ ಮಾತಾಡುತ್ತೀರಿ, ಅರಸರ ಹಾಗೆ, ಎಂದಳು. ಎರಡನೆಯ ದಿನ ಹೋದೆ, ಅದೇ ತಂಬಿಗೆ, ಅದೇ ಬೆಲ್ಲ, ಅದೇ ಮರಾಠಿ. ಮೂರನೆಯ ದಿನವೂ ಅಷ್ಟೇ. ನಾನು ಬೇರೆ ಊರಿನವನು, ಹೊಸ್ತಿಲ ಆಚೆಯಿಂದ ಬಂದವನು, ಮನೆಯಲ್ಲಿ ಈಗ ಎಲ್ಲರಿಗೂ ತಿಳಿಯುವುದು ಮರಾಠಿ. ಬಂದವನಿಗೆ ಬೆನ್ನು ತಿರುವುವುದು ಆ ಮುದುಕಿಗೆ ಸಾಧ್ಯವೇ ಇಲ್ಲ. ಬಾಳಪ್ಪಣ್ಣಾ, ನೀನು ಸತ್ತು ನೂರು ವರ್ಷದ ಮೇಲೂ ನಿನ್ನ ಮರ್ಯಾದೆ ಹುಲಿಮಡ್ಡಿಯಲ್ಲಿ ನನ್ನ ದಾರಿಗೆ ಅಡ್ಡ ಕೂತಿತ್ತು!

ಮೂರನೆಯ ದಿನ ಸೋತು ಹೊರಬಿದ್ದು, ಬೇಸರಕ್ಕೆ ಕಿವಿಮಣಿಯನ್ನೂ ಕಿತ್ತು ಕಿಸೆಗೆ ಹಾಕಿಕೊಂಡು, ಬೇಲಿಯ ಪಕ್ಕ ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ಬಾಳವ್ವನ ಧ್ವನಿ ಸಿಡಿಯಿತು, ಮೊಮ್ಮಗನ ಹೆಂಡತಿ ಪಲ್ಲವಿಯ ಮೇಲೆ.

"ಏ ಹುಚ್ಚೀ! ಹಾಲ ಉಕ್ಕಾಕತ್ತೈತಿ, ಎತ್ತ ನೋಡಾಕತ್ತಿ? ಕಣ್ಣ ಹಿತ್ತಲದಾಗ ಇಟ್ಟ ಬಂದೀಯೇನ? ಹೋಗ, ಹೋಗ, ಕೈ ಸುಟ್ಟುಕೊಂಡಿ, ಮೆಲ್ಲಕ ಹಿಡಿ ನನ್ನವ್ವಾ!"

ಅದು, ಅದೇ! ನಾನು ಹುಡುಕುತ್ತಿದ್ದ ಒಂದು ತಾಸಿನ ಪಾಠ ಒಂದು ಉಸಿರಿನಲ್ಲಿ ಅಡುಗೆಮನೆಯಿಂದ ಹೊರಬಂದಿತ್ತು. ಬೈಗುಳದಲ್ಲಿ ಶುರುವಾಗಿ, ಕೊನೆಗೆ ಬರುವಷ್ಟರಲ್ಲಿ ಅದು ಮಡಿಲಾಗಿತ್ತು. ಪಲ್ಲವಿ ಹಾಲಿನ ಪಾತ್ರೆ ಹೊರಗಿಡಲು ಬಂದಾಗ, ನಿನ್ನ ಮಣಿಯಲ್ಲಿ ಅಜ್ಜಿ ಏನೆಂದಂತೆ ಕೇಳಿಸಿತಮ್ಮಾ ಎಂದೆ. ಆಕೆ ಮರಾಠಿಯಲ್ಲಿ ಹೇಳಿದಳು: ದಯವಿಟ್ಟು ಹಾಲಿನ ಕಡೆ ಗಮನ ಕೊಡಿ, ಕೈ ಜೋಪಾನ, ಅಂತ. ಆಮೇಲೆ ತಾನೇ ನಕ್ಕು, ಅಜ್ಜಿ ಕನ್ನಡ ಆಡುವುದು ಮನೆಯವರನ್ನು ಬೈಯುವಾಗ ಮಾತ್ರ, ಬಂದವರನ್ನು ಅವರು ಬೈಯುವುದಿಲ್ಲವಲ್ಲ ಕಾಕಾ ಎಂದಳು.

ಆದ್ದರಿಂದ, ಸಭಿಕರೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಾಳೆ ಚುರುಮುರಿ ಕೊಡಿ, ಮೇಲೆ ಶೇಂಗಾ ಹೆಚ್ಚಾಗಿಯೇ ಹಾಕಿ. ಜಮಖಾನೆ ಹಾಸಿ, ಹೂವು ಕೊಡಿ, ನಗಿಸಿ. ಆದರೆ 'ನಿಮಗೆ ಏನು ಬೇಕು' ಎಂದು ಅವರು ಕೇಳಿದಾಗ, ಆ ಒಂದು ಪ್ರಶ್ನೆಗೆ ಮಾತ್ರ, ಅವರಿಗೆ ತಿಳಿಯದಿದ್ದರೂ ಸರಿ, ನಿಮ್ಮ ಅಡುಗೆಮನೆಯ ಮಾತಿನಲ್ಲಿ ಉತ್ತರ ಕೊಡಿ. ಅವರು ಮಿಕಿಮಿಕಿ ನೋಡಲಿ. ತಿರುಗಿಸಿ ಹೇಳಲು ಒಬ್ಬರನ್ನು ಹುಡುಕಲಿ. ಹಾಗೆ ಹುಡುಕುವ ಹೊತ್ತಿನಲ್ಲಿ ಅವರಿಗೇ ಅರ್ಥವಾಗುತ್ತದೆ, ಇಲ್ಲಿ ಇನ್ನೊಂದು ಮಾತು ಇದೆ ಎಂದು. ಅದು ಅವಮಾನವಲ್ಲ ಬಾಳಪ್ಪಣ್ಣಾ. ಮರಾಠಿ ನಮ್ಮ ಶತ್ರುವಲ್ಲ. ನನಗೆ ಈಜು, ನಕ್ಷತ್ರ, ಪ್ರೀತಿ ಎಲ್ಲವನ್ನೂ ಕೊಟ್ಟ ಭಾಷೆ ಅದು. ಗಡಿಯ ಆ ಬದಿಗೂ ಮರಾಠಿ ಆಡುವ ಸಣ್ಣ ಊರುಗಳಿವೆ, ಅಲ್ಲಿಯೂ ಇಂಥದೇ ಸಭೆಗಳು ಕೂಡುತ್ತವೆ. ಈ ಓಲೆ ಅವರಿಗೂ ಓದಿ ಹೇಳಿ. ಕಸ್ತೂರಿ, ತಾಯೀ, ಜೀಪು ಹೋಗುವವರೆಗೆ ಕಾಯಬೇಡ. ಎದ್ದು ನಿಲ್ಲು. ಹಿರಿಯರ ಮಾತು ಒಂದು ದಿನ ತುಂಡಾದರೆ ಆಕಾಶ ಬೀಳುವುದಿಲ್ಲ. ನೀನು ಮಾತಾಡಿದರೆ ಈ ಓಲೆ ಬರೆಯುವ ಗುರುಬಸು ಇರುವುದಿಲ್ಲವೇನೋ. ಬೇರೊಬ್ಬ ಇರುತ್ತಾನೆ, ಉಪ್ಪು ಕಡಿಮೆಯಾಗಿದೆ ಎನ್ನಲು ಬರುವವನು. ಅವನಿಗೆ ನನ್ನ ಜಾಗ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ನೀವು ಕೇಳಿಸಿಕೊಂಡಿರೋ ಇಲ್ಲವೋ ತಿಳಿಯಲು ನನಗೆ ದಾರಿ ಇಲ್ಲ; ನಾನಂತೂ ಕೈ ಕಟ್ಟಿ ಕೂರುವವನಲ್ಲ. ಈ ಓಲೆಯನ್ನು ಈಗಲೇ ಅಂಚೆಗೆ ಹಾಕಿ ಮಲಗುತ್ತೇನೆ. ನಾಳೆ ಬೆಳಿಗ್ಗೆ, ಸಾಲುಬಂಡಿ ಹೋದ ಮೇಲೆ, ಮತ್ತೆ ಹುಲಿಮಡ್ಡಿಗೆ ಹೋಗುತ್ತೇನೆ. ಮುಂಬಾಗಿಲು ಬಡಿಯುವುದಿಲ್ಲ. ಕೊಟ್ಟ ನೀರು ಮುಟ್ಟುವುದಿಲ್ಲ, ಹಾಕಿದ ಮಣೆಯ ಮೇಲೆ ಕೂರುವುದಿಲ್ಲ. ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಬಾಳವ್ವನ ಡಬ್ಬಿಗೆ ಕೈ ಹಾಕಿ, ಹಿಟ್ಟು ನಾದುವ ಕೊಣಮಿಗೆಗೆ ಜೋಳದ ಹಿಟ್ಟು ಸುರಿದು, ಅವಳ ಕಣ್ಣೆದುರಿಗೇ ರೊಟ್ಟಿ ಬಡಿಯಲು ಕೂರುತ್ತೇನೆ. ನಾನು ಜನ್ಮದಲ್ಲಿ ರೊಟ್ಟಿ ಬಡಿದವನಲ್ಲ. ಹಿಟ್ಟು ಹರಿಯುತ್ತದೆ, ಅಂಚು ಸೀಳುತ್ತದೆ, ಹಂಚಿಗೆ ಅಂಟಿ ಹೊತ್ತುತ್ತದೆ. ನಮ್ಮ ಸೀಮೆಯ ಯಾವ ಹೆಣ್ಣುಮಗಳೂ ಅದನ್ನು ನೋಡಿ ಸುಮ್ಮನೆ ಕೂತದ್ದು ಈವರೆಗೆ ಇಲ್ಲ. ಅವಳು ಬೈಯುವವರೆಗೆ ಬಡಿಯುತ್ತಲೇ ಇರುತ್ತೇನೆ.